ಹಕ್ಕಿ ಉಣಿಸಿದ ಮಣ್ಣು

ಡಿಸೆಂಬರ್ ಕೊನೆಯ ಬೆಳಗಿನಲ್ಲಿ ತಾರ್ನಾಕಾದ ನಮ್ಮ ಅಡುಗೆಮನೆಯಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟಿರುತ್ತದೆ. ಬಾಟಲಿ ಬಗ್ಗಿಸಿದರೆ ಒಂದು ಹನಿಯೂ ಇಳಿಯುವುದಿಲ್ಲ, ಒಲೆಯ ಪಕ್ಕ ಇಟ್ಟು ಕಾಯಬೇಕು. ಅದೇ ಕಟ್ಟೆಯ ಮೇಲೆ ಕಲಬುರಗಿಯ ನೆಂಟರು ಗಾಣದಿಂದ ತಂದುಕೊಟ್ಟ ಕುಸುಬಿ ಎಣ್ಣೆ ಇದೆ. ಅದಕ್ಕೆ ಚಳಿಯ ಗೊಡವೆಯೇ ಇಲ್ಲ, ಎಂದಿನಂತೆ ಸುರಿಯುತ್ತದೆ. ತೆಂಗಿನೆಣ್ಣೆಯ ಕೊಬ್ಬಿನ ಸರಪಳಿಗಳು ನೆಟ್ಟಗಿವೆ, ಸೀಳಿದ ಸೌದೆ ಒಟ್ಟಿದ ಹಾಗೆ ಒತ್ತೊತ್ತಾಗಿ ಕೂತುಬಿಡುತ್ತವೆ. ಕುಸುಬಿ ಎಣ್ಣೆಯ ಸರಪಳಿಗಳು ಅಲ್ಲಲ್ಲಿ ಸೊಟ್ಟ. ಸೊಟ್ಟ ಕಟ್ಟಿಗೆಯನ್ನು ಎಷ್ಟೇ ಜಾಣತನದಿಂದ ಒಟ್ಟಿದರೂ ನಡುವೆ ಸಂದು ಉಳಿಯುತ್ತದೆ. ಆ ಸಂದೇ ಅದನ್ನು ಹರಿಯುವಂತೆ ಇಡುತ್ತದೆ.

ತಾರ್ನಾಕಾದಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ ಮುಂದೆ ಹಬ್ಸಿಗೂಡ. ಅಲ್ಲಿನ ಉಪ್ಪಲ್ ರಸ್ತೆಯಲ್ಲಿರುವ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರವನ್ನು, ಅಂದರೆ ಊರೆಲ್ಲ ಸಿಸಿಎಂಬಿ ಎಂದು ಕರೆಯುವ ಸಂಸ್ಥೆಯನ್ನು, ಕೊರೊನಾ ಕಾಲದಲ್ಲಿ ಎಲ್ಲರೂ ಪತ್ರಿಕೆಗಳಲ್ಲಿ ಓದಿದರು. ಅದಕ್ಕೂ ಬಹಳ ಮೊದಲಿನಿಂದ ಅಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿದೆ. ಹೊರಗೆ ಮೇ ತಿಂಗಳ 42 ಡಿಗ್ರಿ ಬಿಸಿಲು ಡಾಂಬರನ್ನು ಕರಗಿಸುತ್ತಿರುವಾಗ ಒಳಗೆ 4 ಡಿಗ್ರಿಯ ತಂಪು ಪೆಟ್ಟಿಗೆಗಳಲ್ಲಿ ಅಂಟಾರ್ಕ್ಟಿಕಾದ ಮಣ್ಣಿನ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುತ್ತವೆ. ಅವು ಚಳಿಯಲ್ಲಿ ಬದುಕುವ ಒಂದು ಉಪಾಯ ನಮ್ಮ ಕಟ್ಟೆಯ ಮೇಲಿನ ಕುಸುಬಿ ಎಣ್ಣೆಯದೇ. ತಣ್ಣಗಾದಂತೆ ತಮ್ಮ ಮೈಪೊರೆಯಲ್ಲಿ ಸೊಟ್ಟ ಸರಪಳಿಯ ಕೊಬ್ಬನ್ನು ಹೆಚ್ಚಿಸಿಕೊಳ್ಳುತ್ತವೆ, ಪೊರೆ ಗಟ್ಟಿಯಾಗದಂತೆ ನೋಡಿಕೊಳ್ಳುತ್ತವೆ.

ಸಿಸಿಎಂಬಿ ಆರಂಭವಾದದ್ದು 1977ರಲ್ಲಿ, ಪುಷ್ಪ ಮಿತ್ರ ಭಾರ್ಗವ ಅವರ ನೇತೃತ್ವದಲ್ಲಿ. ನಾಲ್ಕು ವರ್ಷ ಕಳೆಯುವುದರಲ್ಲಿ, 1981ರ ಡಿಸೆಂಬರ್ 6ರಂದು, ಎಸ್. ಝಡ್. ಖಾಸಿಂ ನೇತೃತ್ವದ ಭಾರತದ ಮೊದಲ ತಂಡ ಗೋವಾದಿಂದ ಹಡಗು ಹತ್ತಿ 1982ರ ಜನವರಿ 9ರಂದು ಅಂಟಾರ್ಕ್ಟಿಕಾದ ಮೇಲೆ ಕಾಲಿಟ್ಟಿತು. ಆಮೇಲೆ ವರ್ಷವರ್ಷವೂ ಯಾತ್ರೆ. ಭಾರತದ ತಂಡಗಳು ನೆಲೆ ಕಂಡುಕೊಂಡ ಜಾಗ ಷಿರ್ಮಾಕರ್ ಓಯಸಿಸ್. 1938-39ರ ಜರ್ಮನ್ ಯಾತ್ರೆಯ ವಿಮಾನ ಚಾಲಕ ರಿಚರ್ಡ್ ಷಿರ್ಮಾಕರ್ ಆಕಾಶದಿಂದ ಕಂಡ, ಹಿಮ ಮುಚ್ಚದ ಬಂಡೆಗಳ ಪಟ್ಟಿ ಅದು. ಸುಮಾರು 35 ಚದರ ಕಿಲೋಮೀಟರ್ ನೆಲ, ನೂರಕ್ಕೂ ಹೆಚ್ಚು ಕೆರೆಗಳು. ನಮ್ಮ ಮೈತ್ರಿ ಠಾಣೆ ಇರುವುದು ಅಲ್ಲೇ, ಪ್ರಿಯದರ್ಶಿನಿ ಕೆರೆಯ ದಂಡೆಯಲ್ಲಿ. ಆ ಕೆರೆಯ ಇನ್ನೊಂದು ಹೆಸರು ಜುಬ್. ಅದೇ ಉಪ್ಪಲ್ ರಸ್ತೆಯಲ್ಲಿರುವ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು, ಅಂದರೆ ಎನ್‌ಜಿಆರ್‌ಐನವರು, ಮೈತ್ರಿಯಲ್ಲಿ ಭೂಕಂಪ ಅಳೆಯುವ ಕೇಂದ್ರ ನಡೆಸುತ್ತಾರೆ. ಹೈದರಾಬಾದಿಗೂ ಆ ಬಂಡೆಗಳಿಗೂ ನಂಟು ಹಳೆಯದು.

ಅಲ್ಲಿಂದ ತಂದ ಮಣ್ಣನ್ನು ಸಿಸಿಎಂಬಿಯ ಎಸ್. ಶಿವಾಜಿ ಮತ್ತು ಅವರ ಸಹೋದ್ಯೋಗಿಗಳು ತಟ್ಟೆಗಳಲ್ಲಿ ಹರಡಿ, ಕಾದು, ಎದ್ದುಬಂದ ಚುಕ್ಕೆಗಳನ್ನು ಬಿಡಿಸಿ ಗುರುತಿಸಿದರು. ಕೆಲವು ಹಳದಿ, ಕೆಲವು ನಸುಗೆಂಪು. ಆ ಬಣ್ಣ ಕ್ಯಾರಟ್‌ನಲ್ಲಿರುವ ಬಣ್ಣದ ದಾಯಾದಿ. ಪೊರೆಯೊಳಗೆ ಸೇರಿಕೊಂಡು ಅದರ ಹದ ಕಾಯುತ್ತದೆ ಎಂದು ಇಲ್ಲಿನವರೇ ತೋರಿಸಿದರು. 1992ರಲ್ಲಿ ಒಂದು ಹಳದಿ ಬ್ಯಾಕ್ಟೀರಿಯಾ ಹೊಸ ಪ್ರಭೇದವಾಗಿ ಲೋಕಕ್ಕೆ ಪರಿಚಯವಾಯಿತು: ಸ್ಫಿಂಗೋಬ್ಯಾಕ್ಟೀರಿಯಮ್ ಅಂಟಾರ್ಕ್ಟಿಕಮ್. ಆ ಪ್ರಬಂಧದ ಲೇಖಕರ ಸಾಲಿನ ಕೊನೆಯಲ್ಲಿ ಭಾರ್ಗವರ ಹೆಸರೂ ಇದೆ. ಮುಂದೆ ಬೇರೆ ದೇಶದ ತಜ್ಞರು ಅದರ ವಂಶಾವಳಿ ತಿದ್ದಿ ಪೀಡೋಬ್ಯಾಕ್ಟರ್ ಎಂಬ ಕುಲಕ್ಕೆ ಸೇರಿಸಿದರು. ಗ್ರೀಕಿನಲ್ಲಿ ಪೀಡೋನ್ ಎಂದರೆ ನೆಲ. ಮಣ್ಣಿನಿಂದ ಬಂದದ್ದಕ್ಕೆ ಮಣ್ಣಿನ ಹೆಸರೇ ಸಿಕ್ಕಿತು.

ಜುಬ್ ಕೆರೆಯ ಬಳಿಯ ಮಣ್ಣಿನಿಂದ ಸಿಕ್ಕ ಇನ್ನೊಂದು ಜೀವಿ ಸ್ಯೂಡೋಮೊನಾಸ್ ಸಿರಿಂಜೆ. ಅದರ ತಳಿಯ ಗುರುತು ಎಲ್‌ಝಡ್4ಡಬ್ಲ್ಯು. ಸಿಸಿಎಂಬಿಯ ಎಂ. ಕೆ. ರೇ ಅವರ ತಂಡ ಇದೊಂದನ್ನೇ ಹಿಡಿದು ದಶಕಗಳ ಕಾಲ ಕೂತಿತು. ಡಿಎನ್‌ಎಯ ಮುರಿದ ಎಳೆಯನ್ನು ದುರಸ್ತಿ ಮಾಡುವ ಒಂದು ಕಿಣ್ವವನ್ನು ತೆಗೆದುಹಾಕಿದರೆ ಈ ಬ್ಯಾಕ್ಟೀರಿಯಾ 22 ಡಿಗ್ರಿಯಲ್ಲಿ ಬದುಕಿಕೊಳ್ಳುತ್ತದೆ, 4 ಡಿಗ್ರಿಯಲ್ಲಿ ಮಾತ್ರ ಸಾಯುತ್ತದೆ. ಅಂದರೆ ಚಳಿ ಬರಿಯ ಪೊರೆಯನ್ನಷ್ಟೇ ಅಲ್ಲ, ಒಳಗಿನ ಬರಹವನ್ನೂ ಹರಿಯುತ್ತದೆ. ಅದನ್ನು ಗಳಿಗೆಗಳಿಗೆಗೂ ಹೊಲಿದುಕೊಂಡೇ ಇರಬೇಕು. ಇಂಥ ಹೊಲಿಗೆಗೆ ಶಕ್ತಿ ಬೇಕು. ಶಕ್ತಿ ಎಂದರೆ ಊಟ.

ನನ್ನನ್ನು ಹಲವು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ ಇಲ್ಲಿಂದ ಹುಟ್ಟಿದ್ದು. ಚಳಿಯನ್ನು ಅವು ಹೇಗೆ ಗೆಲ್ಲುತ್ತವೆ ಎಂಬುದನ್ನು ನಾವು ಬೆರಗಿನಿಂದ ಓದುತ್ತೇವೆ. ಉಣ್ಣುವುದು ಏನನ್ನು ಎಂದು ಕೇಳುವುದಿಲ್ಲ. ಎಲೆ ಉದುರದ, ಹುಲ್ಲು ಕೊಳೆಯದ, ಸಗಣಿ ಬೀಳದ ನೆಲ ಅದು. ನಮ್ಮ ಹೊಲದ ಮಣ್ಣಿನಲ್ಲಿ ಮೂರು ದಿನ ಬಿಟ್ಟರೆ ಕೊಳೆಯುವ ವಸ್ತು ಅಲ್ಲಿ ಇರುವುದೇ ಇಲ್ಲ.

ಕೆಲವು ಕಡೆ ಉತ್ತರ ನಿಜಕ್ಕೂ ವಿಚಿತ್ರ. ಪೂರ್ವ ಅಂಟಾರ್ಕ್ಟಿಕಾದ ರಾಬಿನ್ಸನ್ ರಿಡ್ಜ್ ಮತ್ತು ಆಡಮ್ಸ್ ಫ್ಲಾಟ್ ಎಂಬ ಬೋಳು ಜಾಗಗಳ ಮಣ್ಣನ್ನು ಪರೀಕ್ಷಿಸಿದ ಆಸ್ಟ್ರೇಲಿಯಾದ ವಿಜ್ಞಾನಿಗಳು 2017ರಲ್ಲಿ ಅಲ್ಲಿನ ಬ್ಯಾಕ್ಟೀರಿಯಾಗಳು ಗಾಳಿಯನ್ನೇ ಉಂಡು ಬದುಕುತ್ತವೆ ಎಂದು ಪ್ರಕಟಿಸಿದರು. ಗಾಳಿಯಲ್ಲಿ ಎಳ್ಳಿನಷ್ಟು ಬೆರೆತಿರುವ ಜಲಜನಕವನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಉರಿಸಿ ಶಕ್ತಿ ಪಡೆಯುತ್ತವೆ, ಆ ಶಕ್ತಿಯಿಂದ ಗಾಳಿಯ ಇಂಗಾಲವನ್ನೇ ಹಿಡಿದು ಮೈ ಕಟ್ಟಿಕೊಳ್ಳುತ್ತವೆ. ಕಾಡುಋಷಿಗಳು ಗಾಳಿ ಕುಡಿದು ತಪಸ್ಸು ಮಾಡಿದರೆಂದು ಹರಿಕಥೆಯಲ್ಲಿ ಕೇಳಿದ್ದೇವಲ್ಲ, ಇವು ಅಕ್ಷರಶಃ ಹಾಗೆ. ಅಂಥ ಮಣ್ಣಿನಲ್ಲಿ ಜೀವ ಇದೆ, ಆದರೆ ಬಡತನದ ಜೀವ. ಮೈಮುರಿದು ಬೆಳೆಯುವಂತಿಲ್ಲ, ಉಸಿರು ಹಿಡಿದು ಕೂತಿರಬೇಕು.

ಅದೇ ಖಂಡದಲ್ಲಿ ಇನ್ನೊಂದು ಬಗೆಯ ಮಣ್ಣಿದೆ. ಅದೇ ಚಳಿ, ಅದೇ ಬಂಡೆ, ಅದೇ ನೀಳ ಚಳಿಗಾಲ. ಆದರೆ ಅಲ್ಲಿ ಮೊಟ್ಟೆ ಇಡಲು ಹಕ್ಕಿ ಬರುತ್ತದೆ.

ಹಕ್ಕಿ ಮಣ್ಣಿಗೆ ಉಣಿಸುತ್ತದೆ ಎಂಬ ಮಾತನ್ನು ನಾನು ಮೊದಲು ಕಲಿತದ್ದು ಯಾವ ಪ್ರಬಂಧದಿಂದಲೂ ಅಲ್ಲ. ನನ್ನ ಅಜ್ಜಿಯ ಊರು ಮದ್ದೂರು ತಾಲ್ಲೂಕಿನಲ್ಲಿ, ಕೊಕ್ಕರೆ ಬೆಳ್ಳೂರಿಗೆ ಒಂದು ಗಂಟೆಯ ಎತ್ತಿನಗಾಡಿ ದಾರಿ. ಶಿಂಷಾ ನದಿಯ ಪಕ್ಕದ ಆ ಹಳ್ಳಿಗೆ ಪ್ರತಿವರ್ಷ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಮನೆಗಳ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅದನ್ನು ಹೊರಜಗತ್ತಿಗೆ ತಿಳಿಸಿದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ನಾನು ಚಿಕ್ಕಂದಿನಲ್ಲಿ ಹೋದಾಗ ಕಂಡದ್ದು ಹಕ್ಕಿಗಿಂತ ಹೆಚ್ಚಾಗಿ ಹಿಕ್ಕೆ. ಮರದ ಕೆಳಗೆ ನೆಲವೆಲ್ಲ ಸುಣ್ಣ ಬಳಿದ ಹಾಗೆ ಬಿಳಿ, ಕೊಂಬೆಗಳ ಮೇಲೆ ಬಿಳಿ ಗೆರೆ, ಸತ್ತ ಮೀನಿನ ಘಾಟು. ಮೂಗು ಮುಚ್ಚಿಕೊಂಡದ್ದಕ್ಕೆ ಅಜ್ಜಿ ಗದರಿದಳು: "ವಲಸು ಅನ್ಬ್ಯಾಡ ಮಗಾ, ಅದು ಗೊಬ್ರ. ವರ್ಸೊಪ್ಪತ್ತು ಉಣ್ಣೋ ಅನ್ನ ಅದ್ರಲ್ಲೇ ಐತೆ."

ಆ ಊರಿನವರು ಮಾಡುತ್ತಿದ್ದದ್ದು ಇಷ್ಟು. ಬೇಸಿಗೆಯಲ್ಲಿ ಕೆರೆಯ ಗೋಡು ತಂದು ಗೂಡಿರುವ ಮರದ ಬುಡದ ಗುಂಡಿಗೆ ತುಂಬುತ್ತಿದ್ದರು. ತಿಂಗಳುಗಟ್ಟಲೆ ಹಿಕ್ಕೆ ಅದರ ಮೇಲೆ ಬೀಳುತ್ತಿತ್ತು. ಮರಿಗಳು ಹಾರಿಹೋದ ಮೇಲೆ ಆ ಮಣ್ಣನ್ನು ಕೆತ್ತಿ ಗಾಡಿಗೆ ತುಂಬಿ ಗದ್ದೆಗೆ ಒಯ್ಯುತ್ತಿದ್ದರು. ಕೆರೆ, ನದಿಯ ಮೀನು ಹಕ್ಕಿಯ ಹೊಟ್ಟೆಯ ಮೂಲಕ ಗದ್ದೆಗೆ ಬರುವ ದಾರಿ ಇದು. ನೀರಿನಲ್ಲಿದ್ದ ಸಾರಜನಕ, ರಂಜಕಗಳನ್ನು ನೆಲಕ್ಕೆ ಎತ್ತಿಹಾಕುವ ಏತ ಆ ಹೆಜ್ಜಾರ್ಲೆ. ಧ್ರುವದಲ್ಲಿ ಆಗುವುದೂ ಇದೇ. ಶಿಂಷೆಯ ಜಾಗದಲ್ಲಿ ದಕ್ಷಿಣ ಸಾಗರ, ಹುಣಸೆಮರದ ಜಾಗದಲ್ಲಿ ಬರಿಯ ಕಲ್ಲು, ಅಷ್ಟೇ ವ್ಯತ್ಯಾಸ.

ಅಡೇಲಿ ಪೆಂಗ್ವಿನ್‌ಗಳ ಒಂದು ನೆಲೆಯನ್ನು ಹತ್ತಿರದಿಂದ ನೋಡೋಣ. ನಾಲ್ಕೈದು ಕಿಲೋ ತೂಗುವ ಹಕ್ಕಿ ಕಲ್ಲುಹರಳುಗಳನ್ನು ಒಂದೊಂದಾಗಿ ಕೊಕ್ಕಿನಲ್ಲಿ ಹೊತ್ತು ತಂದು ಬಳೆಯಂತೆ ಜೋಡಿಸಿ ಅದರ ನಡುವೆ ಮೊಟ್ಟೆಗೆ ಕಾವು ಕೂರುತ್ತದೆ. ಗೂಡು ಬಿಟ್ಟೇಳುವಂತಿಲ್ಲವಾದ್ದರಿಂದ ಕೂತಲ್ಲಿಂದಲೇ ಬಾಲ ಎತ್ತಿ ಹೊರಕ್ಕೆ ಚಿಮ್ಮಿಸುತ್ತದೆ. ಪ್ರತಿ ಗೂಡಿನ ಸುತ್ತ ಸೂರ್ಯನ ಕಿರಣಗಳಂತೆ ಹಿಕ್ಕೆಯ ಗೆರೆಗಳು. ತಿನ್ನುವುದು ಸೀಗಡಿಯಂಥ ಕ್ರಿಲ್ ಆದ್ದರಿಂದ ಬಣ್ಣ ನಸುಗೆಂಪು. ಆ ಬಣ್ಣವನ್ನು ಉಪಗ್ರಹವೂ ಕಾಣುತ್ತದೆ. ಡೇಂಜರ್ ದ್ವೀಪಗಳಲ್ಲಿ 7,51,527 ಜೋಡಿ ಅಡೇಲಿಗಳಿವೆ ಎಂದು 2018ರಲ್ಲಿ ಲೆಕ್ಕ ಸಿಕ್ಕಿದ್ದು ಬಾಹ್ಯಾಕಾಶದಿಂದ ಕಂಡ ಹಿಕ್ಕೆಯ ಕಲೆಯ ಜಾಡು ಹಿಡಿದು. ವರ್ಷಗಳು, ಶತಮಾನಗಳು ಕಳೆದಂತೆ ಹಿಕ್ಕೆ, ಗರಿ, ಮೊಟ್ಟೆಚಿಪ್ಪು, ಸತ್ತ ಮರಿಗಳ ಮೂಳೆ, ಹರಳು ಎಲ್ಲ ಸೇರಿ ದಪ್ಪನೆಯ ಪದರವಾಗುತ್ತದೆ. ಹಕ್ಕಿಯಿಂದಲೇ ಹುಟ್ಟಿದ ಮಣ್ಣು ಎಂದು ಮಣ್ಣು ತಜ್ಞರು ಅದಕ್ಕೆ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ.

ಆ ಹಿಕ್ಕೆಯ ಬಿಳಿಯ ಭಾಗ ಯೂರಿಕ್ ಆಮ್ಲ. ನೀರಿನಲ್ಲಿ ಸುಲಭವಾಗಿ ಕರಗದ ಹರಳು ಅದು. ಸಾರಜನಕ ತುಂಬಿದ ಪೆಟ್ಟಿಗೆ, ಆದರೆ ಬೀಗ ಹಾಕಿದ್ದು. ಅದನ್ನು ಬಿಚ್ಚಬಲ್ಲ ಕಿಣ್ವ ಇರುವುದು ಕೆಲವೇ ಸೂಕ್ಷ್ಮಜೀವಿಗಳ ಬಳಿ. ಅವು ಮೊದಲು ಯೂರಿಕ್ ಆಮ್ಲದ ಬಳೆ ಒಡೆಯುತ್ತವೆ, ಹಂತಹಂತವಾಗಿ ಯೂರಿಯಾ ಮಾಡುತ್ತವೆ, ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಆಗ ಉಳಿದವರಿಗೆಲ್ಲ ಊಟ. 1996ರಲ್ಲಿ ಆಸ್ಟ್ರೇಲಿಯಾದ ಜಾನ್ ಬೌಮನ್ ಮತ್ತು ಸಂಗಡಿಗರು ಅಂಟಾರ್ಕ್ಟಿಕಾದ ಇಂಥ ಹಕ್ಕಿಮಣ್ಣಿನಿಂದ ಎರಡು ಹೊಸ ಪ್ರಭೇದಗಳನ್ನು ಬಣ್ಣಿಸಿದರು. ಒಂದಕ್ಕೆ ಇಟ್ಟ ಹೆಸರು ಸೈಕ್ರೋಬ್ಯಾಕ್ಟರ್ ಯೂರಾಟಿವೋರಾನ್ಸ್. ಸೈಕ್ರೋ ಎಂದರೆ ಚಳಿ, ಯೂರಾಟಿವೋರಾನ್ಸ್ ಎಂದರೆ ಯೂರಿಕ್ ಆಮ್ಲವನ್ನು ಕಬಳಿಸುವುದು. ಹೆಸರೇ ಅದರ ಕಸುಬು.

ಈ ಸೈಕ್ರೋಬ್ಯಾಕ್ಟರ್ ಕುಲ ಹೈದರಾಬಾದಿಗೆ ಅಪರಿಚಿತವಲ್ಲ. ಶಿವಾಜಿಯವರ ತಂಡ ಅದೇ ಕುಲದ ನಾಲ್ಕು ಹೊಸ ಪ್ರಭೇದಗಳನ್ನು ಗುರುತಿಸಿದೆ. ವ್ಯಾಲಿಸ್ ಮತ್ತು ಅಕ್ವಾಟಿಕಸ್ ಮೆಕ್‌ಮರ್ಡೊ ಒಣಕಣಿವೆಯವು. ಸಾಲ್ಸಸ್ ಮತ್ತು ಅಡೇಲಿಯೆನ್ಸಿಸ್ ಅಡೇಲಿ ಲ್ಯಾಂಡ್ ಕರಾವಳಿಗೆ ಅಂಟಿಕೊಂಡ ಸಮುದ್ರಮಂಜಿನವು. ಅಡೇಲಿ ಲ್ಯಾಂಡ್ ಎಂಬ ಹೆಸರನ್ನು 1840ರಲ್ಲಿ ಇಟ್ಟವನು ಫ್ರೆಂಚ್ ನಾವಿಕ ಡ್ಯುಮಾಂಟ್ ಡರ್ವಿಲ್, ಹೆಂಡತಿ ಅಡೇಲ್‌ಳ ನೆನಪಿಗೆ. ಆ ಪೆಂಗ್ವಿನ್‌ಗೂ ಅವಳದೇ ಹೆಸರು. ಹೀಗೆ ದೂರದೂರಿನಲ್ಲಿ ಗಂಡನಿಗಾಗಿ ಕಾದಿದ್ದ ಒಬ್ಬ ಹೆಣ್ಣಿನ ಹೆಸರು ಒಂದು ಹಕ್ಕಿಗೂ, ಉಪ್ಪಲ್ ರಸ್ತೆಯಲ್ಲಿ ಹೆಸರಿಟ್ಟ ಒಂದು ಬ್ಯಾಕ್ಟೀರಿಯಾಕ್ಕೂ ಸಂದಿದೆ. ಈ ಸಂಗತಿ ಓದಿದ ದಿನ ನನಗೆ ನಿದ್ದೆ ಬೇಗ ಹತ್ತಲಿಲ್ಲ.

ನೆಲೆಯ ನಟ್ಟನಡುವೆ ಸಮೃದ್ಧಿ ಇದೆ, ವೈವಿಧ್ಯ ಇಲ್ಲ. ಯೂರಿಯಾ ಹೆಚ್ಚು ಸುರಿದರೆ ಪೈರು ಸುಟ್ಟುಹೋಗುವುದನ್ನು ಯಾವ ರೈತನೂ ಬಲ್ಲ. ಅಲ್ಲೂ ಅದೇ. ಅಮೋನಿಯಾದ ಘಾಟು, ಉಪ್ಪು, ಸಾವಿರಾರು ಕಾಲುಗಳ ತುಳಿತ. ಹಾವಸೆಯಾಗಲಿ ಕಲ್ಲುಹೂವಾಗಲಿ ಅಲ್ಲಿ ನಿಲ್ಲವು. ಬ್ಯಾಕ್ಟೀರಿಯಾಗಳ ಸಂಖ್ಯೆ ಅಪಾರ, ಜಾತಿಗಳು ಮಾತ್ರ ಕಡಿಮೆ. ಬರಿಯ ಗಾಳಿ ಉಣ್ಣುವ ಆ ತಪಸ್ವಿಗಳಿಗೆ ಇಲ್ಲಿ ಜಾಗವಿಲ್ಲ. ಬಾಡೂಟಕ್ಕೆ ನುಗ್ಗುವವರದೇ ರಾಜ್ಯ. ನೆಲೆಯ ಅಂಚಿಗೆ ಬಂದರೆ ನೋಟ ಬದಲಾಗುತ್ತದೆ. ಮೊದಲು ಪ್ರಾಸಿಯೋಲಾ ಎಂಬ ಪಾಚಿ, ಬಾಡಿದ ಪಾಲಕ್ ಎಲೆಯ ಚೂರುಗಳನ್ನು ನೆಲಕ್ಕೆ ಅಂಟಿಸಿದ ಹಾಗೆ. ಇನ್ನೂ ಆಚೆ ಹಾವಸೆಯ ಮೆತ್ತೆ. ಅದರಾಚೆಯ ಬಂಡೆಗಳ ಮೇಲೆ ಕಿತ್ತಳೆ ಬಣ್ಣದ ಕಲ್ಲುಹೂವು. ನಮ್ಮ ಮಸಾಲೆ ಡಬ್ಬಿಯಲ್ಲಿರುವ, ಇಲ್ಲಿನ ಬಿರಿಯಾನಿಯವರು ಪತ್ಥರ್ ಕಾ ಫೂಲ್ ಎಂದು ಕರೆದು ಹಾಕುವ ಕಲ್ಲುಹೂವಿನ ಬಳಗದ್ದೇ ಅದು. ಗಾಳಿಯಲ್ಲಿ ತೇಲಿಬರುವ ಅಮೋನಿಯಾದಿಂದ ಅದು ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಆ ಪಾಚಿ, ಹಾವಸೆಗಳ ನಡುವೆ ಒಂದು ಹುಳು ಇದೆ. ಪ್ಯಾನಾಗ್ರೊಲೈಮಸ್ ಡೇವಿಡಿ ಎಂಬ ದುಂಡುಹುಳು. ಉದ್ದ ಒಂದು ಮಿಲಿಮೀಟರನ್ನೂ ಮುಟ್ಟದು, ಮೈ ಗಾಜಿನಂತೆ ಪಾರದರ್ಶಕ. ರಾಸ್ ಸಮುದ್ರದ ದಂಡೆಯಲ್ಲಿ, ಪೆಂಗ್ವಿನ್ ನೆಲೆಗಳ ಸುತ್ತಮುತ್ತ, ಹಿಕ್ಕೆಯಿಂದ ಕೊಬ್ಬಿದ ಬ್ಯಾಕ್ಟೀರಿಯಾಗಳನ್ನು ಮೇಯುತ್ತ ಬದುಕುತ್ತದೆ. ಹೊಳೆಯುವ ಬೇಸಿಗೆಯ ಬಿಸಿಲಲ್ಲಿ ಕರಗಿದ ನೀರಿನ ತೆಳುಪದರದಲ್ಲಿ ಈಜುತ್ತಿರುತ್ತದೆ, ಮೋಡ ಕವಿದರೆ ಸಾಕು, ನೀರೆಲ್ಲ ಮಂಜು. ಬೇರೆ ಪ್ರಾಣಿಯಾದರೆ ಕೋಶದೊಳಗೆ ಮಂಜು ಕಟ್ಟಿದ ಕ್ಷಣವೇ ಸಾಯಬೇಕು. ಈ ಹುಳು ಕೋಶದ ಒಳಗೇ ಹೆಪ್ಪುಗಟ್ಟಿ, ಕರಗಿ, ಮತ್ತೆ ಹರಿದಾಡುತ್ತದೆ ಎಂದು ನ್ಯೂಜಿಲೆಂಡಿನ ಡೇವಿಡ್ ವಾರ್ಟನ್ ಮತ್ತು ಫರ್ನ್ಸ್ 1995ರಲ್ಲಿ ತೋರಿಸಿದರು. ನಮ್ಮ ತೆಂಗಿನೆಣ್ಣೆ ಒಲೆಯ ಪಕ್ಕ ಕೂತು ಮಾಡುವ ಕೆಲಸವನ್ನು ಒಂದು ಜೀವಂತ ದೇಹ ಇಡೀ ಮೈಯಿಂದ ಮಾಡುತ್ತದೆ. ಅದರ ಬಟ್ಟಲಿಗೆ ಊಟ ಬರುವುದು ಮಾತ್ರ ಕ್ರಿಲ್‌ನಿಂದ ಪೆಂಗ್ವಿನ್‌ಗೆ, ಪೆಂಗ್ವಿನ್‌ನಿಂದ ಬ್ಯಾಕ್ಟೀರಿಯಾಕ್ಕೆ, ಅಲ್ಲಿಂದ ಅದರ ಬಾಯಿಗೆ.

ಈ ಪ್ರಭಾವ ಎಷ್ಟು ದೂರ ಹೋಗುತ್ತದೆ? ಡಚ್ ವಿಜ್ಞಾನಿ ಸ್ಟೆಫ್ ಬೊಕ್‌ಹಾರ್ಸ್ಟ್ ಮತ್ತು ಅವರ ಜೊತೆಗಾರರು ಅಂಟಾರ್ಕ್ಟಿಕ್ ಪರ್ಯಾಯದ್ವೀಪದಲ್ಲಿ ಹಾವಸೆ, ಕಲ್ಲುಹೂವುಗಳಲ್ಲಿ ಸಾಗರದ ಸಾರಜನಕದ ಗುರುತು ಹುಡುಕುತ್ತ ನೆಲೆಯಿಂದ ಹೊರಕ್ಕೆ ನಡೆದರು. 2019ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಪೆಂಗ್ವಿನ್ ಮತ್ತು ಆನೆಸೀಲ್‌ಗಳ ಪ್ರಭಾವ ಒಂದು ಕಿಲೋಮೀಟರಿಗೂ ಆಚೆ ಚಾಚಿದೆ. ಹಕ್ಕಿ ಕೂತ ಜಾಗಕ್ಕಿಂತ 240 ಪಟ್ಟು ದೊಡ್ಡ ನೆಲದವರೆಗೂ ಈ ಫಲವತ್ತತೆ ಹರಡಬಲ್ಲದು. ಒಯ್ಯುವುದು ಗಾಳಿ. ಅಮೋನಿಯಾ ಆವಿಯಾಗಿ ಎದ್ದು, ತೇಲಿ, ದೂರದ ಬಡ ಮಣ್ಣಿನ ಮೇಲೆ ಇಳಿಯುತ್ತದೆ. ಇಳಿದಲ್ಲಿ ಸಣ್ಣ ಜಿಗಿಹುಳುಗಳು, ಉಣ್ಣೆಯಂಥ ಮೈಟ್‌ಗಳು ಹೆಚ್ಚುತ್ತವೆ.

ಇಡೀ ಭೂಮಿಯ ಕಡಲಹಕ್ಕಿಗಳು ವರ್ಷಕ್ಕೆ ಸುಮಾರು 5.91 ಲಕ್ಷ ಟನ್ ಸಾರಜನಕವನ್ನೂ 99 ಸಾವಿರ ಟನ್ ರಂಜಕವನ್ನೂ ಹೊರಹಾಕುತ್ತವೆ ಎಂಬ ಅಂದಾಜು 2018ರಲ್ಲಿ ಬಂತು. ಗೊಬ್ಬರದ ಅಂಗಡಿಯ ಮುಂದೆ ಸಾಲು ನಿಂತವರಿಗೆ ಈ ಅಂಕಿಯ ತೂಕ ಅರ್ಥವಾದೀತು.

ಕಡಲಂಚಿನ ಮಾತು ಇದಾಯಿತು. ನಮ್ಮ ಮೈತ್ರಿ ಇರುವುದು ಮಂಜಿನ ಹಾಸಿನ ಅಂಚಿನಿಂದ ಸುಮಾರು 100 ಕಿಲೋಮೀಟರ್ ಒಳಗೆ. ಅಷ್ಟು ದೂರ ಪೆಂಗ್ವಿನ್ ನಡೆದು ಬಂದು ನೆಲೆಯೂರುವುದಿಲ್ಲ. ಆದರೆ ರೆಕ್ಕೆಯಿದ್ದವರು ಬರುತ್ತಾರೆ. ಷಿರ್ಮಾಕರ್‌ನಲ್ಲಿ ಸ್ಕುವಾಗಳು ಗೂಡು ಮಾಡುತ್ತವೆ. ಹದ್ದಿನ ಠೀವಿ, ಕಾಗೆಯ ಬುದ್ಧಿ ಇರುವ ಕಂದು ಹಕ್ಕಿ ಅದು. ಇನ್ನೂ ಒಳಗೆ, ಹಿಮದ ಕಡಲಿನಿಂದ ತಲೆ ಎತ್ತಿ ನಿಂತ ಬೆಟ್ಟದ ತುದಿಗಳಲ್ಲಿ ಪೆಟ್ರೆಲ್‌ಗಳು. ಪಾರಿವಾಳದಷ್ಟೇ ದೊಡ್ಡದಾದ, ಕಣ್ಣು ಕೊಕ್ಕು ಕಾಲು ಬಿಟ್ಟರೆ ಉಳಿದದ್ದೆಲ್ಲ ಅಚ್ಚಬಿಳುಪಿನ ಹಿಮಪೆಟ್ರೆಲ್ ಬಂಡೆಯ ಸಂದಿನಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಮರಿಗೆ ಉಣಿಸಲು ಸಮುದ್ರಕ್ಕೆ ಹೋಗಿ ಬರುತ್ತದೆ, ಹೋಗಿ ಬರುವ ದಾರಿ ನೂರಾರು ಕಿಲೋಮೀಟರ್. ಅದರ ಹೊಟ್ಟೆಯಲ್ಲಿ ಜಿಡ್ಡಾದ ಕಿತ್ತಳೆ ಎಣ್ಣೆ ಇರುತ್ತದೆ, ಹತ್ತಿರ ಬಂದ ಸ್ಕುವಾದ ಮೇಲೆ ಅದನ್ನು ಉಗುಳುತ್ತದೆ. ಗೂಡಿನ ಬಾಯಲ್ಲಿ ಉಗುಳಿದ ಎಣ್ಣೆ ಚಳಿಗೆ ಗಟ್ಟಿಯಾಗಿ ಪದರದ ಮೇಲೆ ಪದರ ಕಟ್ಟುತ್ತದೆ. ಷಿರ್ಮಾಕರ್‌ನಿಂದ ಸುಮಾರು 90 ಕಿಲೋಮೀಟರ್ ಆಚೆಯ ಉಂಟರ್‌ಸೀ ಕೆರೆಯ ಸುತ್ತಲಿನ ಬೆಟ್ಟಗಳಲ್ಲಿ ಹೀಗೆ ಸಿಕ್ಕ ಪದರಗಳಲ್ಲಿ ಅತಿ ಹಳೆಯದಕ್ಕೆ 30 ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಮನುಷ್ಯ ಮೊದಲ ಬೀಜ ಬಿತ್ತುವುದಕ್ಕೂ ಬಹಳ ಹಿಂದಿನ ಮೀನೆಣ್ಣೆ ಅದು.

ಜುಬ್ ಕೆರೆಯ ದಡದ ಮಣ್ಣನ್ನು ನಾನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ. ಆ ಮಣ್ಣಿನ ಬ್ಯಾಕ್ಟೀರಿಯಾ ಚಳಿಯನ್ನು ಗೆಲ್ಲುವ ಗುಟ್ಟನ್ನು ಹೈದರಾಬಾದ್ ನಲವತ್ತು ವರ್ಷ ಬಿಡಿಸಿದೆ. ಅದು ಸಣ್ಣ ಸಾಧನೆಯಲ್ಲ. ಇನ್ನು ಮುಂದೆ ಧ್ರುವದಿಂದ ಮಣ್ಣು ತುಂಬಿ ತರುವ ಪ್ರತಿಯೊಂದು ಕೊಳವೆಯ ಚೀಟಿಯ ಮೇಲೆ ಅಕ್ಷಾಂಶ, ರೇಖಾಂಶ, ದಿನಾಂಕಗಳ ಜೊತೆಗೆ ಇನ್ನೊಂದು ಸಾಲು ಇರಬೇಕೆಂದು ನನ್ನ ಆಸೆ: ಹತ್ತಿರದ ಹಕ್ಕಿಗೂಡು ಎಷ್ಟು ಮೀಟರ್ ದೂರ, ಗಾಳಿ ಯಾವ ಕಡೆಯಿಂದ. ಮದ್ದೂರಿನ ರೈತ ಗದ್ದೆಯ ಮಣ್ಣು ತೋರಿಸುವಾಗ ಯಾವ ಮರದ ಬುಡದ ಗೊಬ್ಬರ ಹಾಕಿದ್ದೆಂದು ತಾನಾಗಿಯೇ ಹೇಳುತ್ತಾನೆ. ಜೀವಿಯ ಕಥೆಯಲ್ಲಿ ಚಳಿ ಅರ್ಧ, ಊಟ ಇನ್ನರ್ಧ.

ಉತ್ತರ ಧ್ರುವ ಪ್ರದೇಶದಲ್ಲೂ ನಮ್ಮದೊಂದು ಮನೆ ಇದೆ. ಸ್ವಾಲ್ಬಾರ್ಡ್‌ನ ನ್ಯೂ ಒಲೆಸುಂಡ್‌ನಲ್ಲಿ 2008ರ ಜುಲೈ 1ರಂದು ಹಿಮಾದ್ರಿ ಠಾಣೆ ತೆರೆಯಿತು. ಅಲ್ಲಿನ ಹಿಮನದಿಯಿಂದ ಕರಗಿ ಹರಿಯುವ ತೊರೆಯ ಕೆಸರಿನ ಬ್ಯಾಕ್ಟೀರಿಯಾಗಳನ್ನೂ ಸಿಸಿಎಂಬಿಯವರು ಬೆಳೆಸಿ ನೋಡಿದ್ದಾರೆ. ಆ ಠಾಣೆಯಿರುವ ಫ್ಯೋರ್ಡಿನ, ಅಂದರೆ ಬೆಟ್ಟಗಳ ನಡುವೆ ಚಾಚಿದ ಕಡಲ ಕೊಲ್ಲಿಯ, ಕಡಿದಾದ ಬಂಡೆಗೋಡೆಗಳಲ್ಲಿ ಸಮುದ್ರದ ಹಕ್ಕಿಗಳು ಗೂಡಿಡುತ್ತವೆ. ಗೋಡೆಯ ಬುಡದಲ್ಲಿ ಮಾತ್ರ ಕಣ್ಣು ಕುಕ್ಕುವ ಹಸಿರು. ಇನ್ನೊಂದು ಕಡೆ ವಾಯವ್ಯ ಗ್ರೀನ್‌ಲ್ಯಾಂಡಿನಲ್ಲಿ ಕೈಹಿಡಿಯಷ್ಟು ದೊಡ್ಡ, ಸುಮಾರು 160 ಗ್ರಾಂ ತೂಗುವ ಪುಟ್ಟ ಆಕ್ ಹಕ್ಕಿಗಳು ಕೋಟಿಗಟ್ಟಲೆ ಇವೆ. ಅವು ಗೂಡಿಡುವ ಇಳಿಜಾರುಗಳ ಮಣ್ಣು, ಕೆರೆ, ಹುಲ್ಲು ಎಲ್ಲವೂ ಪಕ್ಕದ ಇಳಿಜಾರಿಗಿಂತ ಬೇರೆಯೇ. ಹಕ್ಕಿ ಹೋದರೆ ಏನಾಗುತ್ತದೆಂಬುದಕ್ಕೆ ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳೇ ಸಾಕ್ಷಿ. ತುಪ್ಪಳದ ವ್ಯಾಪಾರಿಗಳು ಅಲ್ಲಿಗೆ ನರಿಗಳನ್ನು ತಂದು ಬಿಟ್ಟರು, ನರಿಗಳು ಹಕ್ಕಿಗಳನ್ನು ತಿಂದವು. ನರಿಯಿಲ್ಲದ ದ್ವೀಪಗಳಿಗೆ ಬೀಳುವ ಹಿಕ್ಕೆ ನರಿಯಿರುವವುಗಳಿಗಿಂತ 60 ಪಟ್ಟಿಗೂ ಮಿಗಿಲು ಎಂದು 2005ರಲ್ಲಿ ವರದಿಯಾಯಿತು. ಹುಲುಸಾದ ಹುಲ್ಲು ಹೋಗಿ ಕುರುಚಲು ಬಂತು. ಯಾರೂ ಮಣ್ಣನ್ನು ಮುಟ್ಟಿರಲಿಲ್ಲ.

ಹಕ್ಕಿ ಬಿಟ್ಟುಹೋದರೂ ಮಣ್ಣು ಅದನ್ನು ಬೇಗ ಮರೆಯುವುದಿಲ್ಲ ಎಂಬುದು ಇದರ ಇನ್ನೊಂದು ಮುಖ. ಸಾರಜನಕ ಗಾಳಿಗೆ ಹೋಗಿಬಿಡುತ್ತದೆ, ರಂಜಕ ಹೋಗುವುದಿಲ್ಲ. ರಾಸ್ ಸಮುದ್ರದ ದಂಡೆಯಲ್ಲಿ ಹಕ್ಕಿಯಿರುವ ಮತ್ತು ಹಕ್ಕಿ ತೊರೆದ ನೆಲೆಗಳ ಮಣ್ಣನ್ನು ಹೋಲಿಸಿದ ನ್ಯೂಜಿಲೆಂಡಿನ ಜಾಕಿ ಐಸ್ಲಬಿ ಮತ್ತು ಸಂಗಡಿಗರು 2009ರಲ್ಲಿ ಬರೆದಂತೆ, ಹಕ್ಕಿ ಇದ್ದಾಗ ಗಟ್ಟಿ ಬೀಜಕಗಳನ್ನು ಕಟ್ಟಿ ಕಷ್ಟಕಾಲ ಕಳೆಯಬಲ್ಲ ಗುಂಪಿನ ಬ್ಯಾಕ್ಟೀರಿಯಾಗಳು ಮುಂದಿರುತ್ತವೆ, ಹಕ್ಕಿ ಹೋದ ಮೇಲೆ ಬೇರೆ ಗುಂಪು ಗದ್ದುಗೆ ಏರುತ್ತದೆ. ಸಾವಿರಾರು ವರ್ಷಗಳ ಹಿಂದೆ ಬರಿದಾದ ಅಡೇಲಿ ನೆಲೆಗಳು ಇವತ್ತಿಗೂ ಹರಳುಗಳ ಗುಪ್ಪೆಯಿಂದ, ಮಣ್ಣೊಳಗಿನ ಮೂಳೆ ಚಿಪ್ಪುಗಳಿಂದ ಗುರುತು ಸಿಗುತ್ತವೆ. ಊರು ಎತ್ತಂಗಡಿಯಾದ ಮೇಲೂ ಹಾಳುಹಟ್ಟಿಯ ತಿಪ್ಪೆಯ ಜಾಗದಲ್ಲಿ ಹುಲುಸಾಗಿ ಬೆಳೆ ಬರುತ್ತದಲ್ಲ, ಹಾಗೆ.

2023ರಲ್ಲಿ ದಕ್ಷಿಣದ ಬೇಸಿಗೆಯ ಹೊತ್ತಿಗೆ, ಅಂದರೆ ಜನವರಿಯಿಂದ ಮಾರ್ಚ್‌ವರೆಗೆ, ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಅಂಟಾರ್ಕ್ಟಿಕಾದ ಮರಾಂಬಿಯೊ ಠಾಣೆಯಲ್ಲಿ ಗಾಳಿಯನ್ನು ಅಳೆಯುತ್ತಿದ್ದರು. ಎಂಟು ಕಿಲೋಮೀಟರ್ ದೂರದಲ್ಲಿ 60 ಸಾವಿರ ಅಡೇಲಿಗಳ ನೆಲೆ. ಆ ದಿಕ್ಕಿನಿಂದ ಗಾಳಿ ಬೀಸಿದಾಗ ಅಮೋನಿಯಾ ಸಾಮಾನ್ಯ ಮಟ್ಟಕ್ಕಿಂತ ಸಾವಿರ ಪಟ್ಟಿಗೂ ಮೇಲೇರುತ್ತಿತ್ತು. ಆ ಅನಿಲ ಗಾಳಿಯಲ್ಲಿ ಸೂಕ್ಷ್ಮ ಕಣಗಳನ್ನು ಹುಟ್ಟಿಸಿ ಮೋಡಕ್ಕೆ ಬೀಜ ಹಾಕುತ್ತದೆ. ಫೆಬ್ರುವರಿ ಕೊನೆಯ ಹೊತ್ತಿಗೆ ಹಕ್ಕಿಗಳು ನೆಲೆ ಬಿಟ್ಟು ಸಮುದ್ರಕ್ಕೆ ಹೋದವು. ಒಂದು ತಿಂಗಳ ಮೇಲೂ ಅಮೋನಿಯಾ ಸಾಮಾನ್ಯಕ್ಕಿಂತ ನೂರು ಪಟ್ಟಿಗೂ ಹೆಚ್ಚೇ ಇತ್ತು. ಹಿಕ್ಕೆಯಲ್ಲಿ ನೆನೆದ ಮಣ್ಣು ತಾನೇ ಉಸಿರು ಬಿಡುತ್ತಿತ್ತು.

ಈಗ ಈ ಹಕ್ಕಿಗಳ ಮೇಲೆ ಎರಡು ಕಡೆಯಿಂದ ಪೆಟ್ಟು ಬೀಳುತ್ತಿದೆ. 2024ರ ಫೆಬ್ರುವರಿಯಲ್ಲಿ ಎಚ್5ಎನ್1 ಹಕ್ಕಿಜ್ವರ ಅಂಟಾರ್ಕ್ಟಿಕಾದ ಮುಖ್ಯ ಭೂಭಾಗದಲ್ಲಿ ಖಚಿತವಾಯಿತು, ಮೊದಲು ಸಿಕ್ಕಿದ್ದು ಸತ್ತ ಸ್ಕುವಾಗಳ ದೇಹದಲ್ಲಿ. ಮೈತ್ರಿಯ ಬಂಡೆಗಳ ಮೇಲೆ ಕೂರುವ ಹಕ್ಕಿಯ ಬಳಗವೇ ಅದು. ಇನ್ನೊಂದು ಪೆಟ್ಟು ಬಿರುಗಾಳಿಯದು. ಮೈತ್ರಿ ಇರುವ ಡ್ರಾನಿಂಗ್ ಮಾಡ್ ಲ್ಯಾಂಡ್ ಸೀಮೆಯಲ್ಲೇ ಸ್ವಾರ್ಟ್‌ಹಾಮರನ್ ಎಂಬ ಬೆಟ್ಟವಿದೆ, ಕಡಲಿನಿಂದ 200 ಕಿಲೋಮೀಟರ್ ಒಳಗೆ. 1985ರಿಂದ 2020ರವರೆಗೆ ಅಲ್ಲಿ ವರ್ಷವರ್ಷವೂ 20 ಸಾವಿರದಿಂದ 2 ಲಕ್ಷದವರೆಗೆ ಅಂಟಾರ್ಕ್ಟಿಕ್ ಪೆಟ್ರೆಲ್ ಗೂಡುಗಳು, ಎರಡು ಸಾವಿರದಷ್ಟು ಹಿಮಪೆಟ್ರೆಲ್ ಗೂಡುಗಳು, ನೂರಕ್ಕೂ ಹೆಚ್ಚು ಸ್ಕುವಾ ಗೂಡುಗಳು ಇರುತ್ತಿದ್ದವು. 2021ರ ಡಿಸೆಂಬರ್ ಮತ್ತು 2022ರ ಜನವರಿಯಲ್ಲಿ ಎಡೆಬಿಡದೆ ಹಿಮಗಾಳಿ ಬೀಸಿತು. ನಾರ್ವೆಯ ತಂಡ ಎಣಿಸಲು ಹೋದಾಗ ಗೂಡಿಡುವ ಕಲ್ಲುಗಳ ಮೇಲೆ ಹಿಮ ಬಿದ್ದಿತ್ತು. ಮೊಟ್ಟೆಗೆ ಕೂತಿದ್ದ ಅಂಟಾರ್ಕ್ಟಿಕ್ ಪೆಟ್ರೆಲ್‌ಗಳು ಮೂರು. ಹಿಮಪೆಟ್ರೆಲ್ ಬೆರಳೆಣಿಕೆಯಷ್ಟು. ಸ್ಕುವಾ ಗೂಡು ಒಂದೂ ಇಲ್ಲ.

ಆ ಹಿಮದ ಕೆಳಗೆ ಹಿಂದಿನ ಸಾವಿರಾರು ಬೇಸಿಗೆಗಳ ಹಿಕ್ಕೆ ಇತ್ತು. ಅದರೊಳಗೆ, ಸೊಟ್ಟ ಸರಪಳಿಯ ಪೊರೆ ಹೊದ್ದು, ಹರಿದ ಡಿಎನ್‌ಎ ಹೊಲಿದುಕೊಳ್ಳುತ್ತ, ಬ್ಯಾಕ್ಟೀರಿಯಾಗಳು ಹಳೆಯ ಊಟವನ್ನೇ ಉಣ್ಣುತ್ತಿದ್ದವು. ಮೇಲಿನಿಂದ ಆ ವರ್ಷ ಹೊಸದು ಬೀಳಲಿಲ್ಲ.